ಆಷಾಢದಲ್ಲಿ ಕುದುರೆಮುಖ

ಕಾರ್ಕಳದಿಂದ ಕಳಸಕ್ಕೆ ಹೊರಟ ಬಸ್ಸು ಬಜಗೋಳಿ ದಾಟಿ ಮಾಳದ ಘಾಟಿ ಹತ್ತತೊಡಗಿದಾಗ ಒಳಗಿದ್ದವರು ಹನ್ನೊಂದು ಜನ. ಕಿಟಕಿಯ ಗಾಜು ಮುಚ್ಚಿದ್ದರೂ ನನ್ನ ಬಲತೋಳು ಒದ್ದೆಯಾಗಿತ್ತು. ಘಾಟಿ ಮುಗಿಯುವಲ್ಲಿ ಕಂಡಕ್ಟರು "ಎಸ್ಕೆ ಬಾರ್ಡರ್ ಯಾರು?" ಎಂದು ಕೇಳಿದರು. ಯಾರೂ ಏಳಲಿಲ್ಲ.

ಎಸ್.ಕೆ. ಅಂದರೆ ಸೌತ್ ಕೆನರಾ. ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ, ಮೇಲಿನ ಕಳಸ, ಸಂಸೆ ಮೈಸೂರಿಗೆ ಸೇರಿದ್ದ ಕಾಲದ ಗಡಿ ಅದು. 1956ರಲ್ಲಿ ಗಡಿ ಅಳಿಸಿಹೋಯಿತು, ಹೆಸರು ಮಾತ್ರ ಬಸ್ಸಿನ ನಿಲುಗಡೆಯಾಗಿ ಉಳಿದುಕೊಂಡಿತು.

ಪ್ರವಾಸದ ಪುಸ್ತಕಗಳು ಕುದುರೆಮುಖಕ್ಕೆ ಅಕ್ಟೋಬರದಿಂದ ಫೆಬ್ರವರಿಯೊಳಗೆ ಹೋಗಿ ಅನ್ನುತ್ತವೆ. ಈಗೀಗ ವಾರಾಂತ್ಯಗಳಲ್ಲಿ ಬೆಂಗಳೂರಿನ ಹುಡುಗ ಹುಡುಗಿಯರು ರೈನ್‌ಕೋಟು ಹಾಕಿಕೊಂಡು ಮಳೆಗಾಲದಲ್ಲೂ ಬರುತ್ತಾರೆ. ಮಳೆ ತೀರಾ ಜೋರಾದರೆ ಚಾರಣ ನಿಲ್ಲಿಸುತ್ತಾರೆ. ನಾನು ಹೋದದ್ದು ಅಂಥದ್ದೊಂದು ವಾರ, ಅದೂ ಮಂಗಳವಾರ. ಶಿಖರ ಹತ್ತುವ ಆಸೆ ನನಗಿರಲಿಲ್ಲ. ಕಳಸದಲ್ಲಿರುವ ಸೋದರಮಾವನನ್ನು ನೋಡಬೇಕಿತ್ತು. ಅವರ ಜೊತೆ ಇಪ್ಪತ್ತು ವರ್ಷದಿಂದ ಆಡದೇ ಉಳಿದ ಮಾತೊಂದಿತ್ತು.

ಈ ಬೆಟ್ಟಕ್ಕೆ ಜನ ಬಂದುಹೋದ ಚರಿತ್ರೆಯೇ ಒಂದು ರೀತಿಯಲ್ಲಿ ಸೀಸನ್ನುಗಳ ಚರಿತ್ರೆ. ಸಮುದ್ರದ ಕಡೆಯಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುತ್ತದೆ ಎನ್ನುವುದು ಹೆಸರಿನ ಕತೆ. ಸಂಸೆಯ ಕಡೆಯಿಂದ ಹತ್ತುವವರಿಗೆ ಇದು ಸಂಸೆಪರ್ವತ. ಸುಮಾರು 1,890 ಮೀಟರ್ ಎತ್ತರದ ಈ ತಂಪಿಗೆ ದಕ್ಷಿಣ ಕನ್ನಡದ ಬ್ರಿಟಿಷ್ ಅಧಿಕಾರಿಗಳು ಬೇಸಿಗೆಯಲ್ಲಿ ಏರಿ ಬರುತ್ತಿದ್ದರು. ಮಳೆ ಹಿಡಿದ ಮೇಲೆ ಅಲ್ಲಿ ಅವರಿಗೆ ಕೆಲಸವಿರಲಿಲ್ಲ. ವರ್ಷಕ್ಕೆ 6,000ದಿಂದ 7,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ನಾಲ್ಕು ತಿಂಗಳು ಬೆಟ್ಟ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಕುದುರೆಮುಖದ ದೊಡ್ಡ ತಕರಾರು ಹುಟ್ಟಿದ್ದು ಈ ನಾಲ್ಕು ತಿಂಗಳಲ್ಲಿ ಏನಾಗುತ್ತದೆ ಎಂಬುದರ ಮೇಲೆಯೇ.

1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಇಲ್ಲಿ ಕಬ್ಬಿಣದ ಅದಿರಿದೆ ಎಂದು ಗುರುತಿಸಿದರು. ಅದಿರು ಅಪಾರವಾಗಿತ್ತು, ಗುಣಮಟ್ಟ ಮಾತ್ರ ಕಡಿಮೆ. ಹಾಗಾಗಿ ಅರುವತ್ತು ವರ್ಷ ಬೆಟ್ಟ ಬೆಟ್ಟವಾಗಿಯೇ ಇತ್ತು. ಅದನ್ನು ಅಲುಗಿಸಿದ್ದು ಇರಾನಿನ ತೈಲದ ಹಣ. 1975ರ ನವೆಂಬರಿನಲ್ಲಿ, ಇಲ್ಲಿ ತುರ್ತುಪರಿಸ್ಥಿತಿ ಇದ್ದಾಗ, ಇರಾನಿನ ದೊರೆ ಶಾನ ಸರ್ಕಾರದೊಡನೆ ಒಪ್ಪಂದವಾಯಿತು. ಅವರು 63 ಕೋಟಿ ಡಾಲರ್ ಸಾಲ ಕೊಡಬೇಕು, ನಾವು 21 ವರ್ಷಗಳಲ್ಲಿ 15 ಕೋಟಿ ಟನ್ ಸಂಸ್ಕರಿಸಿದ ಅದಿರು ಕಳಿಸಬೇಕು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಕಾಡಿನ ನಡುವೆ ಕಾರ್ಖಾನೆ, ಮಲ್ಲೇಶ್ವರದಲ್ಲಿ ಟೌನ್‌ಶಿಪ್, ಘಟ್ಟ ಇಳಿದು ಪಣಂಬೂರು ಬಂದರಿಗೆ ಹೋಗುವ 67 ಕಿಲೋಮೀಟರ್ ಕೊಳವೆ. ನೀರಿನಲ್ಲಿ ಕಲಸಿದ ಅದಿರಿನ ಹುಡಿ ಆ ಕೊಳವೆಯಲ್ಲಿ ಸಮುದ್ರದ ಕಡೆ ಹರಿಯಬೇಕು. 1980ರಲ್ಲಿ ಎಲ್ಲ ತಯಾರಾಗುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿಯಾಗಿ ಶಾ ಪರಾರಿಯಾಗಿದ್ದ. ಒಪ್ಪಂದವೂ ಮುರಿಯಿತು. ಯಾರಿಗಾಗಿ ಬೆಟ್ಟ ಅಗೆದೆವೋ ಅವರೇ ಇಲ್ಲ! ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಗಣಿ ಮತ್ತೆ 25 ವರ್ಷ ನಡೆಯಿತು.

ನನ್ನ ಮಾವ ಟೌನ್‌ಶಿಪ್ಪಿನಲ್ಲಿ ಅಂಗಡಿ ಇಟ್ಟಿದ್ದರು. ಅಕ್ಕಿ, ಬೇಳೆ, ನೋಟ್‌ಬುಕ್ಕು, ಕೊಡೆ, ಮಕ್ಕಳ ರಬ್ಬರ್ ಬೂಟು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದರೆ ನಮಗೆ ಪರದೇಶಕ್ಕೆ ಹೋದ ಹಾಗೆ. ಡಾಂಬರು ರಸ್ತೆ, ಬೀದಿದೀಪ, ಒರಿಯಾ ಬಂಗಾಳಿ ತೆಲುಗು ಎಲ್ಲ ಮಾತಾಡುವ ಮಂದಿ. ನಮ್ಮೂರಿನಲ್ಲಿ ಕರೆಂಟು ಬಂದರೆ ಸುದ್ದಿ, ಅಲ್ಲಿ ಹೋದರೆ ಸುದ್ದಿ.

2002ರಲ್ಲಿ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಕಾಲೇಜಿನ ಭಾಷಣ ಸ್ಪರ್ಧೆಗೆ 'ಕುದುರೆಮುಖ ಉಳಿಸಿ' ಎಂಬ ವಿಷಯ. ಮೊದಲ ಬಹುಮಾನ ಬಂತು, ಭಾಷಣ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಅಮ್ಮ ಹೆಮ್ಮೆಯಿಂದ ಒಂದು ಪ್ರತಿ ತಮ್ಮನಿಗೆ ಕೊಟ್ಟು ಬಂದಳು. ಅದರಲ್ಲೇನಿದೆ ಎಂದು ಅವಳು ಓದಿರಲಿಲ್ಲ. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಮರುವರ್ಷ ಮಾವ ಅಂಗಡಿ ಮುಚ್ಚಿ ಕಳಸಕ್ಕೆ ಬಂದರು. ಆ ಸಂಚಿಕೆಯ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಮದುವೆ ಮುಂಜಿಯಲ್ಲಿ ಸಿಕ್ಕಾಗ ಅಡಿಕೆ ಧಾರಣೆ ಮಾತಾಡುತ್ತಿದ್ದೆವು.

ಬೆಳಿಗ್ಗೆ ಮಾವ ತಮ್ಮ ಹಳೆಯ ಓಮ್ನಿಯಲ್ಲಿ ನನ್ನನ್ನು ಮಲ್ಲೇಶ್ವರಕ್ಕೆ ಕರೆದುಕೊಂಡು ಹೋದರು. ಅತ್ತೆ ಪತ್ರೊಡೆ ಕಟ್ಟಿಕೊಟ್ಟಿದ್ದರು, ಇಂಬಳಕ್ಕೆಂದು ಉಪ್ಪಿನ ಪೊಟ್ಟಣವನ್ನೂ. ಟೌನ್‌ಶಿಪ್ಪಿನ ಖಾಲಿ ಮನೆಗಳ ಗೋಡೆಗೆ ಪಾಚಿ ಹತ್ತಿ ಹಸಿರಾಗಿದೆ. ಮಾಡಿನ ಮೇಲೆ ಜರೀಗಿಡ, ಕಿಟಕಿಯೊಳಗೆ ಬಳ್ಳಿ. ಗೂಡಂಗಡಿಯೊಂದರಲ್ಲಿ ಚಾ ಸಿಕ್ಕಿತು. ಮಾವ ತಮ್ಮ ಅಂಗಡಿ ಇದ್ದ ಜಾಗದ ಮುಂದೆ ವ್ಯಾನು ನಿಲ್ಲಿಸಿದರು, ಇಳಿಯಲಿಲ್ಲ.

"ಇಲ್ಲಿ ಪಂಚಾಯ್ತಿ ದಿನಾ ನಡೀತಿತ್ತು ಮಾರಾಯ," ಅಂದರು. "ಒಬ್ಬ ಗಣಿ ನಿಲ್ಲಬೇಕು ಅಂತಿದ್ದ. ಇನ್ನೊಬ್ಬ ನಿಂತರೆ ಹೊಟ್ಟೆಗೇನು ಅಂತಿದ್ದ. ಇಬ್ಬರದ್ದೂ ಸಾಲದ ಲೆಕ್ಕ ನನ್ನ ಪುಸ್ತಕದಲ್ಲೇ ಇತ್ತು."

ಆ ಪಂಚಾಯ್ತಿಯ ಬೇರು ಅದಿರಿನ ಗುಣದಲ್ಲೇ ಇತ್ತು. ಕುದುರೆಮುಖದ ಕಲ್ಲಿನಲ್ಲಿ ಕಬ್ಬಿಣ ನೂರಕ್ಕೆ 38ರಷ್ಟು. ಅದನ್ನು ಪುಡಿಮಾಡಿ, ತೊಳೆದು 67ಕ್ಕೆ ಏರಿಸಬೇಕು. ಹೆಚ್ಚುಕಮ್ಮಿ ಮೂರು ಟನ್ ಕಲ್ಲು ಅಗೆದರೆ ಒಂದು ಟನ್ ಸರಕು. ಉಳಿದ ಎರಡು ಟನ್ ಹಿಟ್ಟಿನಂಥ ಹೂಳು. ಅದನ್ನು ಹಿಡಿದಿಡಲಿಕ್ಕೇ ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ನೀರಿಗಾಗಿ ಕಟ್ಟಿದ ಅಣೆಕಟ್ಟುಗಳನ್ನು ನಾವು ಎಷ್ಟೋ ನೋಡಿದ್ದೇವೆ, ಇದು ಕೆಸರಿಗಾಗಿ ಕಟ್ಟಿದ್ದು. ಆದರೆ ಅಗೆದ ಬೆಟ್ಟದ ಮೈ ಪೂರ್ತಿ ಅಣೆಕಟ್ಟಿನ ಹಿಂದೆ ಇರಲಿಲ್ಲವಲ್ಲ. ಬೆತ್ತಲೆ ಮಣ್ಣಿನ ಮೇಲೆ ಆಷಾಢದ ಮಳೆ ಬಿದ್ದಾಗ ಅದು ಭದ್ರೆಗೇ ಇಳಿಯುತ್ತಿತ್ತು. ಕೆಳಗಿನ ಗದ್ದೆ ತೋಟದವರು ಹೂಳಿನ ದೂರು ಹೇಳುತ್ತಲೇ ಇದ್ದರು.

1980ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದರು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಬಂತು. 30 ವರ್ಷದ ಗಣಿ ಗುತ್ತಿಗೆ ಮುಗಿದದ್ದು 1999ರಲ್ಲಿ. ಅದನ್ನು ಮುಂದುವರಿಸಬಾರದೆಂದು ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆ ಮತ್ತು ಅದರ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ಬಂದ ತೀರ್ಪು 2005ರ ಕೊನೆಗೆ ಗಣಿ ನಿಲ್ಲಬೇಕು ಎಂದಿತು. ಭದ್ರೆಯಲ್ಲಿ ಹೂಳು ಎಷ್ಟು, ಎಲ್ಲಿಂದ ಬರುತ್ತದೆ ಎಂದು ಅಳೆದವರೂ ಇದ್ದರು. ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರ ಆ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನದಿಯ ಜಲಾನಯನದಲ್ಲಿ ಗಣಿಯ ಪಾಲು ಚಿಕ್ಕದು, ಹೂಳಿನಲ್ಲಿ ಅದರ ಪಾಲು ಬಹಳ ದೊಡ್ಡದು ಎಂಬುದು ಅದರ ಸಾರ. ಇಂಥ ಲೆಕ್ಕ ಬೇಸಿಗೆಯಲ್ಲಿ ಸಿಗುವಂಥದ್ದಲ್ಲ. ಬೇಸಿಗೆಯ ಭದ್ರೆಯಲ್ಲಿ ತಳದ ಕಲ್ಲು ಕಾಣುತ್ತದೆ. ಮಳೆ ಹೊಯ್ಯುವಾಗ ದಂಡೆಯಲ್ಲಿ ನಿಂತು ನೀರು ಹಿಡಿದವರಿಗೇ ಅದು ಗೊತ್ತಾಗುವುದು. ರಜೆಗೆ ಬರುತ್ತಿದ್ದ ನಮಗೆ, ನನ್ನ ಭಾಷಣಕ್ಕೆ ಕೂಡ, ಅದು ಕಂಡಿರಲಿಲ್ಲ.

"ಮಾವ, ಆ ಕಾಲೇಜು ಸಂಚಿಕೆ..." ಎಂದು ಶುರುಮಾಡಿದೆ.

"ಓದಿದ್ದೇನೆ," ಅಂದರು. "ಗಣಿ ನಿಲ್ಲಬೇಕು ಅಂತ ಬರೆದದ್ದರಲ್ಲಿ ತಪ್ಪಿಲ್ಲ. ನನಗೂ ಹಾಗೇ ಅನ್ನಿಸ್ತಿತ್ತು, ಅಂಗಡಿಯಲ್ಲಿ ಕೂತು ಹೇಳಲಿಕ್ಕಾಗ್ತಿರಲಿಲ್ಲ. ಆದ್ರೆ ಕೊನೇಲಿ ಒಂದು ಮಾತು ಬರೆದಿದ್ದಿ ನೋಡು. ಗಣಿ ನಿಂತರೆ ನಾಲ್ಕು ಮಳೆಗೆ ಎಲ್ಲ ತೊಳೆದು ಹೋಗ್ತದೆ ಅಂತ. ತೊಳೆದು ಹೋಗೋದೇ ಅಲ್ವನೋ ತಾಪತ್ರಯ?"

ಉತ್ತರ ಹೊಳೆಯಲಿಲ್ಲ. ಲಕ್ಯಾ ಅಣೆಕಟ್ಟಿನ ಕಡೆ ಅವರು ಕೈ ತೋರಿಸಿದರು, ಮಂಜಿನಲ್ಲಿ ಏನೂ ಕಾಣಲಿಲ್ಲ. 25 ವರ್ಷದ ಬೆಟ್ಟದ ಹಿಟ್ಟು ಅದರ ಹಿಂದೆ ಕೂತಿದೆ. ಗಣಿ ನಿಂತಿತೆಂದು ಅದು ಕರಗಿಹೋಗಲಿಲ್ಲ. ಪ್ರತಿ ಆಷಾಢ ಅದರ ಮೇಲೂ ಮಳೆ ಬೀಳುತ್ತದೆ, ಯಾರಾದರೂ ಕಟ್ಟೆಯನ್ನು ನೋಡಿಕೊಳ್ಳುತ್ತಲೇ ಇರಬೇಕು. ಭಾಷಣ ಬರೆಯುವಾಗ ನಾನು ಮಳೆಯನ್ನು ಪೊರಕೆ ಅಂದುಕೊಂಡಿದ್ದೆ.

"ಮತ್ತೆ ಆವಾಗಲೇ ಯಾಕೆ ಹೇಳಲಿಲ್ಲ?" ಎಂದೆ.

"ನೀನು ಬಂದು ಕೇಳಲಿಲ್ಲ," ಅಂದರು, ವ್ಯಾನು ತಿರುಗಿಸುತ್ತ. ಕೋಪವೇನೂ ಇರಲಿಲ್ಲ ದನಿಯಲ್ಲಿ, ಅದೇ ನನಗೆ ಕಷ್ಟವಾಯಿತು.

ದಾರಿಯುದ್ದಕ್ಕೂ ಅವರು ಹೆಸರು ಹೇಳದೆ ಮನೆಗಳನ್ನು ತೋರಿಸುತ್ತ ಬಂದರು. ಈ ಮನೆಯವನು ಮಂಗಳೂರಿನ ಪೆಲೆಟ್ ಘಟಕಕ್ಕೆ ಹೋದ. ಆ ಮನೆಯವಳು ಕೊಡೆ ಸಾಲ ತಗೊಂಡು, ಊರು ಬಿಡುವ ದಿನ ಬಂದು ದುಡ್ಡು ಕೊಟ್ಟಳು. ಸಂಸೆ ದಾಟಿದ ಮೇಲೆ ಸ್ವಲ್ಪ ಹೊತ್ತು ಮಳೆ ಬಿಟ್ಟಿತು. ಕಣಿವೆಯ ಮಡಿಕೆಗಳಲ್ಲಿ ಶೋಲಾ ಕಾಡು, ಮೇಲೆಲ್ಲ ಹುಲ್ಲು, ಹುಲ್ಲಿನ ಮೇಲೆ ಎಣಿಸಲಾಗದಷ್ಟು ಬೆಳ್ಳನೆಯ ಝರಿಗಳು. ಹುಲ್ಲಿದ್ದಲ್ಲಿ ಇಳಿಯುವ ನೀರು ಬಿಳಿಯಾಗಿರುತ್ತದೆ. ಇಷ್ಟು ಸಲ ಈ ದಾರಿಯಲ್ಲಿ ಓಡಾಡಿಯೂ ಅದನ್ನು ಗಮನಿಸಿದ್ದು ಅವತ್ತೇ.

ಮಾವನ ಮನೆ ಹೊರನಾಡಿನ ದಾರಿಯಲ್ಲಿ, ಹೊಳೆಯ ಆಚೆ. ಕಳಸದಲ್ಲಿ ತರಕಾರಿ ಕೊಂಡು ಹೆಬ್ಬಾಳೆ ಸೇತುವೆಯ ಹತ್ತಿರ ಬರುವ ಹೊತ್ತಿಗೆ ಭದ್ರೆ ಸೇತುವೆಯ ಮೇಲೆ ಹತ್ತಿದ್ದಳು. ಆಚೆ ಈಚೆ ಹತ್ತಿಪ್ಪತ್ತು ಜನ ಕೊಡೆ ಹಿಡಿದು ನಿಂತಿದ್ದರು. ಮಾವ ಇಳಿದು ನೀರಿನ ಅಂಚಿಗೆ ಹೋಗಿ, ಬಗ್ಗಿ ಒಂದು ಬೊಗಸೆ ತೆಗೆದುಕೊಂಡರು. ಕಂದು ನೀರು. ಹೆಬ್ಬೆರಳಿನಿಂದ ಅಂಗೈ ಉಜ್ಜಿ ನೋಡಿ ಚೆಲ್ಲಿದರು.

"ಇದು ತೋಟದ ಮಣ್ಣು," ಅಂದರು. "ಅದು ಹೀಗಿರಲಿಲ್ಲ. ಕೈಗೆ ಅಂಟಿದರೆ ಉಗುರಿನ ಸಂದಿಯಿಂದ ಎರಡು ದಿನ ಹೋಗ್ತಿರಲಿಲ್ಲ."

ನೀರು ಇಳಿಯಲು ರಾತ್ರಿಯಾಗಬಹುದು ಎಂದು ಯಾರೋ ಹೇಳಿದರು. ಪತ್ರೊಡೆ ಇನ್ನೂ ನಾಲ್ಕು ಉಳಿದಿತ್ತು. ವ್ಯಾನಿನೊಳಗೆ ಕೂತು ತಿಂದು, ಸುತ್ತು ದಾರಿ ಹಿಡಿದು ಮನೆಗೆ ಹೊರಟೆವು.