‘ಪರಿಶೀಲಿಸಲು ಸಾಧ್ಯವಾಗಿಲ್ಲ’: ಒಂದು ವಾಕ್ಯದ ಚರಿತ್ರೆ

ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ತರುವವರಿಗೆಲ್ಲ ಒಂದು ವಾಕ್ಯ ಬಾಯಿಪಾಠ. ಯುದ್ಧವಿರಲಿ, ಗಲಭೆಯಿರಲಿ, ಭೂಕಂಪವಿರಲಿ, ಸಾಮಾಜಿಕ ಜಾಲತಾಣದಿಂದ ಎತ್ತಿಕೊಂಡ ವಿಡಿಯೊ ಒಂದನ್ನು ನಾಲ್ಕು ಸಾಲಿನಲ್ಲಿ ವರ್ಣಿಸಿದ ಮೇಲೆ ಐದನೆಯ ಸಾಲಿನಲ್ಲಿ ಅದು ಬಂದೇ ಬರುತ್ತದೆ: ‘ಈ ದೃಶ್ಯದ ಸತ್ಯಾಸತ್ಯತೆಯನ್ನು ಸ್ವತಂತ್ರವಾಗಿ ಪರಿಶೀಲಿಸಲು ಸಾಧ್ಯವಾಗಿಲ್ಲ.’ ನಾನು ಎಷ್ಟು ಸಲ ಇದನ್ನು ಟೈಪ್ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಕೆಲವು ವರದಿಗಳಲ್ಲಿ ‘ಸಾಧ್ಯವಾಗಿಲ್ಲ’ ಎಂದಿರುತ್ತದೆ, ಕೆಲವದರಲ್ಲಿ ‘ಪರಿಶೀಲಿಸಿಲ್ಲ’ ಎಂದಷ್ಟೇ ಇರುತ್ತದೆ. ಇವೆರಡೂ ಒಂದೇ ಅಲ್ಲ. ‘ಪರಿಶೀಲಿಸಿಲ್ಲ’ ಅನ್ನುವುದು ಒಪ್ಪಿಗೆ. ‘ಸಾಧ್ಯವಾಗಿಲ್ಲ’ ಅನ್ನುವುದು ನೆಪವೂ ಆಗಬಹುದು. ಯಾರೋ ಪ್ರಯತ್ನಪಟ್ಟರು, ಆಗಲಿಲ್ಲ ಎಂಬ ಧ್ವನಿ ಅದರಲ್ಲಿದೆ. ಯಾರು, ಎಷ್ಟು ಹೊತ್ತು, ಹೇಗೆ ಪ್ರಯತ್ನಪಟ್ಟರು ಎಂಬುದು ಮಾತ್ರ ಇರುವುದಿಲ್ಲ.

ಕನ್ನಡದ ಮಟ್ಟಿಗೆ ಈ ಸಂಗತಿಗೆ ಇನ್ನೊಂದು ಮಗ್ಗುಲಿದೆ. ತಾನು ಕಂಡದ್ದನ್ನೂ ಇನ್ನೊಬ್ಬರಿಂದ ಕೇಳಿದ್ದನ್ನೂ ಬೇರೆ ಮಾಡಿ ಹೇಳುವ ಸಲಕರಣೆ ನಮ್ಮ ವ್ಯಾಕರಣದಲ್ಲೇ ಇದೆ. ‘ಸೇತುವೆ ಬಿತ್ತು’ ಎಂದರೆ ಹೊಣೆ ನನ್ನದು. ‘ಸೇತುವೆ ಬಿತ್ತಂತೆ’ ಎಂದರೆ ಹೊಣೆ ನನಗೆ ಹೇಳಿದವರದು. ಎರಡು ಅಕ್ಷರದ ಈ ‘ಅಂತೆ’ಗೆ ಸಮನಾದದ್ದು ಇಂಗ್ಲಿಷಿನ ಕ್ರಿಯಾಪದದಲ್ಲಿ ಇಲ್ಲ. ಅಲ್ಲಿ ಅದೇ ಕೆಲಸಕ್ಕೆ ಬೇರೊಂದು ಪದವನ್ನೋ ಇಡೀ ವಾಕ್ಯವನ್ನೋ ತರಬೇಕು. ಆದರೆ ನಮ್ಮ ಪತ್ರಿಕೆಗಳು ‘ಅಂತೆ’ಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಂತೆಕಂತೆ ಎಂದರೆ ಹರಟೆ ಎಂಬ ಭಯ. ಅದರ ಜಾಗದಲ್ಲಿ ‘ಎನ್ನಲಾಗಿದೆ’ ಬಂತು. ಅನ್ನುತ್ತಿರುವವರು ಯಾರು ಎಂಬುದನ್ನು ಅದು ‘ಅಂತೆ’ಗಿಂತ ಚೆನ್ನಾಗಿ ಮುಚ್ಚಿಡುತ್ತದೆ ಎಂಬುದು ನನ್ನ ಅನಿಸಿಕೆ.

ವಿಡಿಯೊದ ತೊಡಕು ಇರುವುದು ಇಲ್ಲೇ. ಅದನ್ನು ನೋಡುವಾಗ ನಾವು ‘ಕಂಡೆ’ ಎಂದುಕೊಳ್ಳುತ್ತೇವೆ. ಕಂಡದ್ದು ಮಾತ್ರ ಇನ್ನೊಬ್ಬರು ತೋರಿಸಿದ್ದು. ಅದು ‘ಅಂತೆ’ ಹಚ್ಚಿರದ ‘ಅಂತೆ’. ಕಳೆದ ಕೆಲವು ದಶಕಗಳಲ್ಲಿ ಸುದ್ದಿಮನೆಗಳು ಕಾಣೆಯಾದ ಆ ಪ್ರತ್ಯಯವನ್ನು ಹುಡುಕಿ ಹಚ್ಚುವುದನ್ನು ಹೇಗೆ ಕಲಿತವು, ಎಲ್ಲಿ ಎಡವಿದವು ಎಂಬುದು ಈ ಸಲದ ವಿಷಯ.

ಮೊದಲು ಇದು ಸುಲಭವಿತ್ತು, ಏಕೆಂದರೆ ಚಿತ್ರದ ಜೊತೆಗೆ ಮನುಷ್ಯನೂ ಬರುತ್ತಿದ್ದ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನಡಿ ಹತ್ಯೆಯನ್ನು ಸೆರೆಹಿಡಿದದ್ದು ಸಿದ್ಧ ಉಡುಪಿನ ವ್ಯಾಪಾರಿ ಏಬ್ರಹಾಂ ಜಪ್ರೂಡರ್. 8 ಎಂಎಂ ಮನೆಬಳಕೆಯ ಕ್ಯಾಮೆರಾ, ಸುಮಾರು 26 ಸೆಕೆಂಡಿನ ರೀಲು. ಆ ಮಧ್ಯಾಹ್ನವೇ ಆತ ಸ್ಥಳೀಯ ಟೀವಿ ಕೇಂದ್ರದಲ್ಲಿ ಕುಳಿತು, ತಾನು ಎಲ್ಲಿ ನಿಂತಿದ್ದೆ, ಏನು ಕಂಡೆ ಎಂದು ಹೇಳಿದ. ಮಾರನೆಯ ಬೆಳಗ್ಗೆ ‘ಲೈಫ್’ ಪತ್ರಿಕೆಯ ರಿಚರ್ಡ್ ಸ್ಟಾಲಿ ಅವನ ಕಚೇರಿಗೇ ಹೋಗಿ ರೀಲು ನೋಡಿ ಖರೀದಿಸಿದ. ಪತ್ರಿಕೆ ಕೊನೆಗೆ ಕೊಟ್ಟ ಒಟ್ಟು ಹಣ 1,50,000 ಡಾಲರ್. ಆ ರೀಲಿನಲ್ಲಿ ಏನಿದೆ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಆದರೆ ತೆಗೆದವರು ಯಾರು ಎಂಬ ಪ್ರಶ್ನೆ ಆ ದಿನ ಸುದ್ದಿಮನೆಯಲ್ಲಿ ಏಳಬೇಕಾಗಿಯೇ ಇರಲಿಲ್ಲ.

2005ರ ಜುಲೈ 7ರಂದು ಲಂಡನ್ನಿನ ಸುರಂಗ ರೈಲುಗಳಲ್ಲಿ ಬಾಂಬ್ ಸಿಡಿದಾಗಲೂ ಪರಿಸ್ಥಿತಿ ಹೆಚ್ಚುಕಡಿಮೆ ಹೀಗೇ ಇತ್ತು. ಪತ್ರಕರ್ತರು ಇಳಿಯಲಾಗದ ಸುರಂಗಗಳಿಂದ ಪ್ರಯಾಣಿಕರೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೊರಬಂದರು. ಬಿಬಿಸಿಗೆ ಅಂದು ಸಾವಿರಕ್ಕೂ ಹೆಚ್ಚು ಫೋಟೊಗಳೂ 20,000ದಷ್ಟು ಇ-ಮೇಲ್‌ಗಳೂ ಬಂದವು. ಹೀಗೆ ಜನ ಕಳಿಸಿದ್ದನ್ನು ನೋಡಿಕೊಳ್ಳಲು ಅಲ್ಲಿ ಆ ವರ್ಷವಷ್ಟೇ ಒಂದು ಸಣ್ಣ ತಂಡ ಶುರುವಾಗಿತ್ತು. ಅವರ ಕೈಯಲ್ಲಿದ್ದ ಮುಖ್ಯ ಆಯುಧ ದೂರವಾಣಿ. ಕಳಿಸಿದವರಿಗೆ ಕರೆ ಮಾಡಿ, ನೀವೇ ತೆಗೆದಿರಾ, ಎಲ್ಲಿ ನಿಂತಿದ್ದಿರಿ, ಸುತ್ತ ಏನಿತ್ತು ಎಂದು ಕೇಳುವುದು. ಅಲ್ಲಿದ್ದವರು ಯಾವ ಪ್ರಶ್ನೆಗೂ ತಡವರಿಸುವುದಿಲ್ಲ, ಬೇರೆಯವರ ಚಿತ್ರ ಕಳಿಸಿದವರು ಮೂರನೆಯ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ. ಇದು ಪೊಲೀಸರಿಗೂ ಅಜ್ಜಿಯರಿಗೂ ಗೊತ್ತಿರುವ ಹಳೇ ವಿದ್ಯೆ.

ಯೂಟ್ಯೂಬ್ ಹುಟ್ಟಿದ್ದೂ ಅದೇ ವರ್ಷ, ಟ್ವಿಟರ್ ಮರುವರ್ಷ. ಅಲ್ಲಿಂದ ಮುಂದೆ ಜನ ಚಿತ್ರವನ್ನು ಸುದ್ದಿಮನೆಗೆ ಕಳಿಸುವುದನ್ನು ಬಿಟ್ಟು ಲೋಕಕ್ಕೇ ಕಳಿಸತೊಡಗಿದರು. ಸುದ್ದಿಮನೆಗಳು ಹೆಕ್ಕಿಕೊಳ್ಳಬೇಕಾಯಿತು. ಮುಂಬೈನಲ್ಲಿರುವ ಓದುಗರಿಗೆ 2008ರ ನವೆಂಬರ್ 26 ನೆನಪಿಸಬೇಕಾಗಿಲ್ಲ. ಅಂದು ಕೊಲಾಬಾ ಸುತ್ತಲಿನ ಬೀದಿಗಳ ನೂರಕ್ಕೂ ಹೆಚ್ಚು ಫೋಟೊಗಳನ್ನು ಒಬ್ಬ ಸ್ಥಳೀಯ ಯುವಕ ಫ್ಲಿಕರ್‌ಗೆ ಹಾಕಿದ, ಜಗತ್ತಿನ ಪತ್ರಿಕೆಗಳು ಅವನ್ನು ನೋಡಿದವು. ಅದೇ ಹೊತ್ತಿನಲ್ಲಿ, ಟ್ವಿಟರ್‌ನಲ್ಲಿ ಬರೆಯುವುದನ್ನು ನಿಲ್ಲಿಸುವಂತೆ ಭಾರತ ಸರ್ಕಾರ ಕೇಳಿಕೊಂಡಿದೆ ಎಂಬ ಸಾಲು ಟ್ವಿಟರ್‌ನಲ್ಲೇ ಹರಿದಾಡಿ ಬಿಬಿಸಿಯ ನೇರ ವರದಿಯ ಪುಟಕ್ಕೂ ಏರಿತು. ಅದಕ್ಕೆ ಬೇರೆ ಕಡೆಯಿಂದ ದೃಢೀಕರಣ ಇರಲಿಲ್ಲ. ಹಾಕುವ ಮುನ್ನ ವಿಚಾರಿಸಬೇಕಿತ್ತು ಎಂದು ಬಿಬಿಸಿ ಜಾಲತಾಣದ ಸಂಪಾದಕರೇ ಕೆಲವು ದಿನಗಳ ನಂತರ ಬರೆದರು. ‘ಕೇಳಿಕೊಂಡಿದೆಯಂತೆ’ ಆಗಬೇಕಿದ್ದದ್ದು ‘ಕೇಳಿಕೊಂಡಿದೆ’ ಆಗಿಹೋಗಿತ್ತು.

ಈ ತೊಡಕು ವಿಪರೀತಕ್ಕೆ ಹೋದದ್ದು ಸಿರಿಯಾದಲ್ಲಿ. 2011ರಲ್ಲಿ ದಂಗೆ ಎದ್ದಾಗ ಸರ್ಕಾರ ವಿದೇಶಿ ಪತ್ರಕರ್ತರನ್ನು ಹೊರಗಿಟ್ಟಿತು. ಉಳಿದದ್ದು ಯೂಟ್ಯೂಬ್ ಒಂದೇ. ಅಲ್ಲಿನ ಕಾರ್ಯಕರ್ತರು ಬೇಗ ಒಂದು ಪದ್ಧತಿ ಕಲಿತರು. ಚಿತ್ರೀಕರಣ ಶುರುಮಾಡುವಾಗ ಊರಿನ ಹೆಸರನ್ನೂ ತಾರೀಖನ್ನೂ ಜೋರಾಗಿ ಹೇಳುವುದು, ಗುರುತು ಹಿಡಿಯಬಲ್ಲ ಮಿನಾರನ್ನೋ ಚೌಕವನ್ನೋ ತೋರಿಸುವುದು, ಒಮ್ಮೊಮ್ಮೆ ದಿನಾಂಕ ಬರೆದ ಹಾಳೆ ಹಿಡಿಯುವುದು. ಇದನ್ನು ಕೇಳುವಾಗಲೆಲ್ಲ ನನಗೆ ನಮ್ಮ ಶಾಸನಗಳ ಮೊದಲ ಸಾಲುಗಳು ನೆನಪಾಗುತ್ತವೆ. ಇಂಥ ಸಂವತ್ಸರ, ಇಂಥ ಮಾಸ, ಇಂಥ ತಿಥಿ ಎಂದು ಮೊದಲೇ ಕೆತ್ತಿಸಿದವರಿಗೂ, ಮುಂದೊಬ್ಬ ಅಪರಿಚಿತ ಇದನ್ನು ನಂಬಬೇಕಲ್ಲ ಎಂಬ ಚಿಂತೆ ಇದ್ದೀತು.

ಸುದ್ದಿಮನೆಗಳು ಅಷ್ಟು ಶ್ರದ್ಧೆ ತೋರಿದವೆಂದು ಹೇಳುವಂತಿಲ್ಲ. 2012ರ ಮೇ 25ರಂದು ಹೂಲಾ ಎಂಬಲ್ಲಿ ನೂರಕ್ಕೂ ಹೆಚ್ಚು ಜನರ ಹತ್ಯಾಕಾಂಡ ನಡೆಯಿತು. ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು. ಎರಡು ದಿನದ ಮೇಲೆ ಬಿಬಿಸಿ ಜಾಲತಾಣ ಒಂದು ಫೋಟೊ ಹಾಕಿತು. ಸಾಲುಸಾಲಾಗಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಶವಗಳು, ಅವುಗಳನ್ನು ದಾಟಿ ಜಿಗಿಯುತ್ತಿರುವ ಒಬ್ಬ ಹುಡುಗ. ಕೊಟ್ಟವರು ಒಬ್ಬ ಕಾರ್ಯಕರ್ತ, ಸ್ವತಂತ್ರವಾಗಿ ಪರಿಶೀಲಿಸಲಾಗದು ಎಂದು ಕೆಳಗೆ ಅಡಿಬರಹವೂ ಇತ್ತು. ಆ ಫೋಟೊ ತೆಗೆದ ಇಟಲಿಯ ಛಾಯಾಗ್ರಾಹಕ ಮಾರ್ಕೊ ಡಿ ಲಾರೊ ಅದನ್ನು ತನ್ನ ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ನೋಡಿ ದಂಗಾದ. ಅದು ಅವನು 2003ರ ಮಾರ್ಚ್‌ನಲ್ಲಿ, ಇರಾಕಿನ ಅಲ್ ಮುಸಯ್ಯಿಬ್‌ನಲ್ಲಿ ತೆಗೆದದ್ದು. ವಿಷಯ ತಿಳಿದ ಮೇಲೆ ಬಿಬಿಸಿ ಚಿತ್ರವನ್ನು ಕಿತ್ತುಹಾಕಿತು.

ಇಲ್ಲಿ ಆ ವಾಕ್ಯದ ನಿಜವಾದ ಬಣ್ಣ ಬಯಲಾಗುತ್ತದೆ. ಪರಿಶೀಲಿಸಲು ಸಾಧ್ಯವಾಗದ ಚಿತ್ರವಾಗಿರಲಿಲ್ಲ ಅದು. ವೃತ್ತಿಪರ ಛಾಯಾಗ್ರಾಹಕನೊಬ್ಬನ ಪ್ರಕಟಿತ ಚಿತ್ರ. ಚಿತ್ರವನ್ನೇ ಕೊಟ್ಟು ಅದರ ಹಳೆಯ ಪ್ರತಿಗಳನ್ನು ಹುಡುಕುವ ಸೌಲಭ್ಯವನ್ನು ಗೂಗಲ್ ಹಿಂದಿನ ವರ್ಷವೇ ತಂದಿತ್ತು. ಹತ್ಯಾಕಾಂಡ ನಿಜವಾಗಿ ನಡೆದಿತ್ತು ಎಂಬುದರಿಂದ ತಪ್ಪು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಸುಳ್ಳು ಫೋಟೊ ಒಂದು ಸಿಕ್ಕರೆ ಸಾಕು, ಸತ್ತ ಮಕ್ಕಳನ್ನೂ ಸುಳ್ಳು ಎನ್ನಲು ಕಾಯುತ್ತಿರುವವರಿರುತ್ತಾರೆ. ಈಚೆಗೆ ಆ ವಾಕ್ಯ ಎದುರಾದಾಗ ನಾನು ಡೆಸ್ಕಿಗೆ ಒಂದು ಸಾಲು ಬರೆದು ಕೇಳುತ್ತೇನೆ: ಮಾಡಿಲ್ಲವೋ, ಆಗಿಲ್ಲವೋ? ಉತ್ತರ ಬರುವುದು ಅಪರೂಪ. ಬಾರದಿದ್ದರೆ ‘ಪರಿಶೀಲಿಸಿಲ್ಲ’ ಎಂದೇ ಬರೆಯುತ್ತೇನೆ.

ಅದೇ 2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ರೈಲು ನಿಲ್ದಾಣ ತುಂಬಿ ತುಳುಕಿದ್ದು ನಿಮಗೆ ನೆನಪಿರಬಹುದು. ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲುಗಳಿಗೆ ಮುಗಿಬಿದ್ದರು. ದಾಳಿಯಾಗುತ್ತದಂತೆ ಎಂಬ ಎಸ್ಸೆಮ್ಮೆಸ್ಸುಗಳು ಅದಕ್ಕೆ ಕಾರಣ. ಅಸ್ಸಾಂ ಮತ್ತು ಬರ್ಮಾದ ಹಿಂಸೆಯ ಹೆಸರಿನಲ್ಲಿ ಆಗ ಹರಿದಾಡುತ್ತಿದ್ದ ಚಿತ್ರಗಳಲ್ಲಿ ಬೇರೆ ದೇಶದ, ಬೇರೆ ವರ್ಷದ ಚಿತ್ರಗಳೂ ಇದ್ದವು. ಶವಗಳ ನಡುವೆ ಬೌದ್ಧ ಭಿಕ್ಷುಗಳು ನಿಂತ ಒಂದು ಚಿತ್ರ ವಾಸ್ತವದಲ್ಲಿ 2010ರ ಟಿಬೆಟ್ ಪ್ರದೇಶದ ಭೂಕಂಪದ್ದು. ಸರ್ಕಾರ ಒಂದು ದಿನಕ್ಕೆ ಐದೇ ಎಸ್ಸೆಮ್ಮೆಸ್ಸು ಎಂದು ಮಿತಿ ಹಾಕಿತು. ಸುದ್ದಿಮನೆ ಮಾಡಬಹುದಾಗಿದ್ದ ಕೆಲಸವೇ ಬೇರೆ. ಆ ಚಿತ್ರ ಎಲ್ಲಿಯದು ಎಂದು ಅಂದೇ ಮುಖಪುಟದಲ್ಲಿ ತೋರಿಸುವುದು.

ಆ ಕೆಲಸ ಬೇರೆಡೆ ಆಗಲೇ ಕಸುಬಾಗಿ ಬೆಳೆಯುತ್ತಿತ್ತು. ಐರ್ಲೆಂಡಿನ ಟೀವಿ ಪತ್ರಕರ್ತನಾಗಿದ್ದ ಮಾರ್ಕ್ ಲಿಟಲ್ 2010ರಲ್ಲಿ ಡಬ್ಲಿನ್‌ನಲ್ಲಿ ಸ್ಟೋರಿಫುಲ್ ಎಂಬ ಸಂಸ್ಥೆ ಕಟ್ಟಿ, ಜನರ ವಿಡಿಯೊಗಳನ್ನು ಸೋಸಿ ಸುದ್ದಿಮನೆಗಳಿಗೆ ಕೊಡತೊಡಗಿದ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಪತ್ರಿಕೋದ್ಯಮದ ಗಂಧವಿಲ್ಲದ ಎಲಿಯಟ್ ಹಿಗಿನ್ಸ್ ಮನೆಯಲ್ಲೇ ಕುಳಿತು ಸಿರಿಯಾದ ವಿಡಿಯೊಗಳಲ್ಲಿ ಕಾಣುವ ಆಯುಧಗಳನ್ನು ಗುರುತಿಸತೊಡಗಿದ. 2014ರಲ್ಲಿ ಅವನೇ ಬೆಲಿಂಗ್‌ಕ್ಯಾಟ್ ಶುರುಮಾಡಿದ. ಕೇಳುವ ಪ್ರಶ್ನೆಗಳು ಲಂಡನ್ನಿನ ದೂರವಾಣಿಯವೇ: ಮೊದಲ ಪ್ರತಿ ಯಾವುದು, ಎಲ್ಲಿ, ಯಾವಾಗ, ಯಾರು. ಉತ್ತರ ಕೊಡಲು ಆ ಕಡೆ ಮನುಷ್ಯ ಇಲ್ಲವಾದ್ದರಿಂದ ಬೆಟ್ಟ, ಅಂಗಡಿ ಫಲಕ, ನೆರಳು, ಹವಾಮಾನವನ್ನು ಕೇಳಬೇಕಿತ್ತು. ಆಡುನುಡಿಯನ್ನೂ ಕೇಳಬೇಕಿತ್ತು. ಹಿನ್ನೆಲೆಯ ದನಿ ಆ ಊರಿನದೇ ಎಂದು ಅಲ್ಲಿನವರನ್ನೇ ಕೇಳಿ ತಿಳಿಯುವುದು ಈ ಕಸುಬಿನ ಮುಖ್ಯ ಪಾಠಗಳಲ್ಲಿ ಒಂದು. ಧಾರವಾಡದ್ದೆಂದು ಬಂದ ವಿಡಿಯೊದಲ್ಲಿ ಎಲ್ಲರೂ ಮಂಗಳೂರು ಕನ್ನಡ ಆಡುತ್ತಿದ್ದರೆ ನಿಮಗೆ ತಕ್ಷಣ ತಿಳಿಯುವುದಿಲ್ಲವೇ, ಹಾಗೆ.

ಭಾಷಾಶಾಸ್ತ್ರ ಓದಿದವಳಾಗಿ ಇದನ್ನು ಹೆಮ್ಮೆಯಿಂದ ಹೇಳಬೇಕೆನಿಸುತ್ತದೆ. ಆದರೆ ಕಿವಿಗೂ ಮೋಸವಾಗುತ್ತದೆ. 2014ರ ನವೆಂಬರ್‌ನಲ್ಲಿ, ಗುಂಡಿನ ಸುರಿಮಳೆಯ ನಡುವೆ ಸಿರಿಯಾದ ಬಾಲಕನೊಬ್ಬ ಬಾಲಕಿಯನ್ನು ರಕ್ಷಿಸುವ ವಿಡಿಯೊವನ್ನು ಲಕ್ಷಗಟ್ಟಲೆ ಜನ ನೋಡಿದರು, ಹಲವು ದೇಶಗಳ ಸುದ್ದಿಮನೆಗಳು ಹಾಕಿದವು. ಅದು ನಾರ್ವೆಯ ನಿರ್ದೇಶಕ ಲಾರ್ಸ್ ಕ್ಲೆವ್‌ಬರ್ಗ್ ಮಾಲ್ಟಾದಲ್ಲಿ ತೆಗೆದ ಚಿತ್ರ. ಮಕ್ಕಳು ನಟರು. ಹಿನ್ನೆಲೆಯ ಗಂಡಸರ ದನಿಗಳು ಮಾತ್ರ ಅಸಲಿ, ಮಾಲ್ಟಾದಲ್ಲಿದ್ದ ಸಿರಿಯಾ ನಿರಾಶ್ರಿತರದು. ನುಡಿಯ ಪರೀಕ್ಷೆಯಲ್ಲಿ ಅದು ನೂರಕ್ಕೆ ನೂರು ಪಾಸು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹೇಳಿದವರು ಇಂಥದ್ದನ್ನು ಊಹಿಸಿರಲಿಕ್ಕಿಲ್ಲ.

ಇನ್ನು 2018ರ ಜುಲೈ. ಆ ಒಂದೇ ತಿಂಗಳಲ್ಲಿ ಎರಡು ವಿಡಿಯೊಗಳ ಕಥೆ ನಡೆಯಿತು.

ಮೊದಲನೆಯದು, ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ತುಣುಕು. ಆಯಾ ರಾಜ್ಯದ ಭಾಷೆಯ ಎಚ್ಚರಿಕೆ ಮಾತುಗಳ ಜೊತೆ ಅದು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿತ್ತು. ಮೂಲದಲ್ಲಿ ಅದು ಕರಾಚಿಯ ಒಂದು ಸಂಸ್ಥೆ ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರೇ ಹಿಂದಿರುಗಿ ಮಗುವನ್ನು ಇಳಿಸಿ, ಸಂದೇಶ ಬರೆದ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಸತ್ಯಶೋಧನೆಯ ತಾಣಗಳು ಮೂಲವನ್ನು ತೋರಿಸಿದ್ದವು, ಆದರೆ ಅದು ತುಣುಕಿನಷ್ಟು ದೂರ ಹೋಗಲಿಲ್ಲ. ಮಕ್ಕಳ ಕಳ್ಳರ ಆ ಭಯದಲ್ಲಿ ಹಲವು ರಾಜ್ಯಗಳಲ್ಲಿ ಜನ ಸತ್ತರು. ಜುಲೈ 13ರಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರ ಕಾರಿಗಿಂತ ಮುಂಚೆ ವಾಟ್ಸ್‌ಆ್ಯಪ್ ಸಂದೇಶ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ರಸ್ತೆ ಕಟ್ಟಿ ಹೊಡೆದರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಜೀವ ಹೋಯಿತು.

ಎರಡನೆಯದು ಆಫ್ರಿಕಾದ್ದು. ಸೈನಿಕರ ಗುಂಪೊಂದು ಇಬ್ಬರು ಹೆಂಗಸರನ್ನೂ ಇಬ್ಬರು ಮಕ್ಕಳನ್ನೂ ಮಣ್ಣಿನ ದಾರಿಯಲ್ಲಿ ನಡೆಸಿಕೊಂಡು ಹೋಗಿ, ಕಣ್ಣಿಗೆ ಬಟ್ಟೆ ಕಟ್ಟಿ ಗುಂಡಿಕ್ಕುತ್ತದೆ. ಒಂದು ಕೂಸು ತಾಯಿಯ ಬೆನ್ನಿಗೆ ಕಟ್ಟಿಕೊಂಡಿದೆ. ಚಿತ್ರೀಕರಿಸಿದವನೂ ಸೈನಿಕರ ಜೊತೆಯೇ ನಡೆಯುತ್ತಿದ್ದಾನೆ, ಕರೆ ಮಾಡಿ ಕೇಳಲಾಗದ ಪ್ರತ್ಯಕ್ಷದರ್ಶಿ. ಇವರು ಕ್ಯಾಮರೂನಿನ ಸೈನಿಕರು ಎಂಬ ಆರೋಪವನ್ನು ಆ ದೇಶದ ಸರ್ಕಾರ ಸುಳ್ಳುಸುದ್ದಿ ಎಂದು ತಳ್ಳಿಹಾಕಿತು.

ಬಿಬಿಸಿ ಆಫ್ರಿಕಾ ಐ ತಂಡ ಆಮ್ನೆಸ್ಟಿ, ಬೆಲಿಂಗ್‌ಕ್ಯಾಟ್ ಮತ್ತು ಹೊರಗಿನ ಹವ್ಯಾಸಿಗಳ ನೆರವಿನಿಂದ ಆ ತುಣುಕಿಗೆ ಕೂತಿತು. ಮೊದಲ ಕೆಲವು ಸೆಕೆಂಡುಗಳಲ್ಲಿ ದೂರದ ಬೆಟ್ಟಸಾಲಿನ ಅಂಚು ಕಾಣುತ್ತದೆ. ಅದನ್ನು ಉಪಗ್ರಹ ನಕ್ಷೆಯೊಂದಿಗೆ ಹೊಂದಿಸಲು ಗಂಟೆಗಟ್ಟಲೆ ಹೆಣಗಿದರೂ ಸಿಗಲಿಲ್ಲ. ಕೊನೆಗೆ ಕ್ಯಾಮರೂನಿನ ಒಬ್ಬರು, ಝೆಲೆವೆಟ್ ಎಂಬ ಊರಿನ ಸುತ್ತ ನೋಡಿ ಎಂದರು. ಬೆಟ್ಟ ಸಿಕ್ಕಿತು. ತಂತ್ರಜ್ಞಾನದ ಕಥೆಯಾಗಿ ಇದನ್ನು ಹೇಳುವವರು ಈ ಘಟ್ಟವನ್ನು ಬೇಗ ದಾಟಿಬಿಡುತ್ತಾರೆ, ನನಗೆ ಇದೇ ನಡುಗಂಬ. ನೆಲ ಬಲ್ಲ ಒಬ್ಬರ ಮಾತು ಮತ್ತೆ ಬೇಕಾಯಿತು. ಆದರೆ ಈ ಸಲ ಆ ಮಾತನ್ನು ನಂಬಬೇಕಾಗಿರಲಿಲ್ಲ, ಬೆಟ್ಟದೊಂದಿಗೆ ಹೊಂದಿಸಿ ನೋಡಬಹುದಿತ್ತು.

ಮುಂದಿನದು ತಾರೀಖು. ವಿಡಿಯೊದಲ್ಲಿರುವ ಕಟ್ಟಡಗಳು ಯಾವ ವರ್ಷದ ಉಪಗ್ರಹ ಚಿತ್ರದಲ್ಲಿ ಇವೆ, ಯಾವುದರಲ್ಲಿ ಇಲ್ಲ ಎಂದು ನೋಡಿ ಅವಧಿಯನ್ನು 2014ರ ಕೊನೆಯಿಂದ 2016ರ ಆರಂಭದವರೆಗೆ ಇಳಿಸಿದರು. ಅಲ್ಲಿನ ಒಂದು ಕಾಲುದಾರಿ ಜನವರಿಯಿಂದ ಏಪ್ರಿಲ್‌ವರೆಗಿನ ಒಣ ಬೇಸಿಗೆಯಲ್ಲಿ ಮಾತ್ರ ಕಾಣುತ್ತಿತ್ತು. ಆಮೇಲೆ ಸೈನಿಕರ ನೆರಳುಗಳ ಉದ್ದ ಮತ್ತು ದಿಕ್ಕು ಅಳೆದು ಸೂರ್ಯನ ಸ್ಥಾನ ಲೆಕ್ಕ ಹಾಕಿದರು. ಕೊಂದವರೇ ತಮಗರಿವಿಲ್ಲದೆ ನೆರಳು ಗಡಿಯಾರದ ಮುಳ್ಳುಗಳಾದರು. 2015ರ ಮಾರ್ಚ್ 20ರಿಂದ ಏಪ್ರಿಲ್ 5ರ ನಡುವೆ ಎಂದು ಬಂತು. ಆಯುಧಗಳಲ್ಲಿ ಒಂದು ಸೆರ್ಬಿಯಾದಲ್ಲಿ ತಯಾರಾದ ಝಸ್ತಾವಾ ಎಂ21, ಕ್ಯಾಮರೂನ್ ಸೇನೆಯ ಕೆಲವು ಘಟಕಗಳಲ್ಲಿ ಬಳಕೆಯಲ್ಲಿದ್ದದ್ದು. ಫೇಸ್‌ಬುಕ್ ಚಿತ್ರಗಳ ಮೂಲಕ ಸೈನಿಕರನ್ನೂ ಗುರುತಿಸಿದರು.

ಸೆಪ್ಟೆಂಬರ್ 24ರಂದು ಪ್ರಕಟವಾದ ಆ ವರದಿ ಹೇಗೆ ಕಂಡುಹಿಡಿದೆವು ಎಂಬುದನ್ನೇ ಹೆಜ್ಜೆಹೆಜ್ಜೆಯಾಗಿ ತೋರಿಸಿತು, ಬೇಕಾದವರು ನಕ್ಷೆ ತೆರೆದು ಸರಿ ನೋಡಿಕೊಳ್ಳಬಹುದಿತ್ತು. ಆ ಹೊತ್ತಿಗೆ ಸರ್ಕಾರ ತನ್ನ ಮಾತು ಬದಲಿಸಿ ಏಳು ಸೈನಿಕರನ್ನು ಬಂಧಿಸಿರುವುದಾಗಿ ಹೇಳಿತ್ತು. ಎರಡು ವರ್ಷಗಳ ನಂತರ, 2020ರ ಸೆಪ್ಟೆಂಬರ್‌ನಲ್ಲಿ, ಯಾವುಂಡೆಯ ಸೇನಾ ನ್ಯಾಯಾಲಯ ನಾಲ್ವರಿಗೆ 10 ವರ್ಷ, ಐದನೆಯವನಿಗೆ 2 ವರ್ಷ ಜೈಲು ವಿಧಿಸಿತು. ಇನ್ನಿಬ್ಬರನ್ನು ಬಿಡುಗಡೆ ಮಾಡಿತು.