ಮಾತಾಡುವ ಪಾಟಿ: ಸಿಂಪ್ಯೂಟರ್ ಎಂಬ ಯಂತ್ರದ ಕಥೆ

ಈಗ ನಮ್ಮ ಡಫಳಾಪುರದಲ್ಲಿ ಯಾರ ಮನಿ ಕಟ್ಟಿ ಮೇಲೆ ನೋಡಿದರೂ ಒಂದು ಹುಡುಗ ಮೊಬೈಲ್ ಹಿಡಿದು ಕುಂತಿರುತ್ತದೆ. "ಏನೋ, ಓದಾಕತ್ತೀಯೇನು?" ಅಂತ ಕೇಳಿದರೆ "ಹೂಂ" ಅನ್ನುತ್ತದೆ. ಹಣಿಕಿ ನೋಡಿದರೆ ಆಟ. ಅಂಗೈಯಷ್ಟು ಗಣಕಯಂತ್ರದಿಂದ ಮಕ್ಕಳಿಗೆ ಓದು ಕಲಿಸಬಹುದು ಎಂಬ ವಿಚಾರ ಈ ಮೊಬೈಲಿನ ಜೊತೆ ಬಂದದ್ದು ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ಹಾಗಲ್ಲ. ಮೊಬೈಲು ಶ್ರೀಮಂತರ ಕಿಸೆಯಲ್ಲಷ್ಟೇ ಇದ್ದ ಕಾಲದಲ್ಲಿ, ಅಕ್ಷರ ಬಾರದವರಿಗಾಗಿ ಒಂದು ಕೈಗಣಕ ತಯಾರಾಗಿತ್ತು. ತಯಾರಾದದ್ದು ದೂರದ ದೇಶದಲ್ಲಲ್ಲ, ಬೆಂಗಳೂರಿನಲ್ಲಿ. ಅದರ ಹೆಸರು ಸಿಂಪ್ಯೂಟರ್.

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಗಣಕದ ಲಾಭ ಬಡ ದೇಶಗಳ ಹಳ್ಳಿಗೆ ಮುಟ್ಟುವುದು ಹೇಗೆ ಎಂಬುದು ಅಲ್ಲಿಯ ಪ್ರಶ್ನೆ. ಅದರ ಬೆನ್ನಿಗೇ 1999ರಲ್ಲಿ ಏಳು ಮಂದಿ ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್, ವಿಜಯ್ ಚಂದ್ರು, ಈ ನಾಲ್ವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು. ಉಳಿದವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು. ಸರಳ, ಅಗ್ಗ, ಬಹುಭಾಷೆಯದು ಎಂಬರ್ಥದ ಇಂಗ್ಲಿಷ್ ಮಾತುಗಳನ್ನು ಕೂಡಿಸಿ ಆ ಹೆಸರಿಟ್ಟರು. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರವನ್ನು ಜನರಿಗೆ ತೋರಿಸಿದರು. ಸುಮಾರು 9,000 ರೂಪಾಯಿಗೆ ಕೊಡಬೇಕೆಂಬುದು ಅವರ ಆಸೆ.

ಯಂತ್ರ ಹೇಗಿತ್ತು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕಂದರೆ ಅದರಲ್ಲೇ ಜಾಣತನ ಇತ್ತು. ಕೀಲಿಮಣೆ ಇರಲಿಲ್ಲ. ಪರದೆಯ ಮೇಲೆ ಕಡ್ಡಿಯಿಂದ ಮುಟ್ಟಿದರೆ, ಪಾಟಿ ಮೇಲೆ ಬಳಪ ಆಡಿಸಿದಂತೆ, ಕೆಲಸ ನಡೆಯುತ್ತಿತ್ತು. ಒಳಗೆ ಯಾರಿಗೂ ರೊಕ್ಕ ಕೊಡಬೇಕಾಗಿಲ್ಲದ ಲಿನಕ್ಸ್. ಊರಿಗೊಂದು ಯಂತ್ರ, ಮನಿಗೊಂದು ಸ್ಮಾರ್ಟ್ ಕಾರ್ಡ್ ಎಂಬುದು ಅವರ ಲೆಕ್ಕ. ಪಂಚಾಯಿತಿಯಲ್ಲೋ ಸಾಲಿಯಲ್ಲೋ ಯಂತ್ರ ಇರುತ್ತದೆ; ನಿಮ್ಮ ಕಾರ್ಡ್ ಹಾಕಿದರೆ ಅದು ನಿಮ್ಮದಾಗುತ್ತದೆ, ತೆಗೆದರೆ ಮುಂದಿನವರದು. ವಾಚನಾಲಯದ ಪುಸ್ತಕದ ಹಾಗೆ. ಮನುಷ್ಯನಿಗೊಂದು ಯಂತ್ರ ಕೊಳ್ಳಲಾಗದ ದೇಶದಲ್ಲಿ ಹುಟ್ಟಿದವರಿಗಷ್ಟೇ ಹೊಳೆಯುವ ಉಪಾಯ ಇದು.

ಎಲ್ಲಕ್ಕಿಂತ ದೊಡ್ಡದು ಅದರ ಬಾಯಿ. ಪರದೆಯ ಮೇಲಿನ ಬರಹವನ್ನು ಯಂತ್ರ ತಾನೇ ಓದಿ ಹೇಳಬೇಕು ಎಂದು ರಮೇಶ್ ಹರಿಹರನ್ 'ಧ್ವನಿ' ಎಂಬ ತಂತ್ರಾಂಶ ಮಾಡಿದರು. ಸಣ್ಣ ಸಣ್ಣ ಸದ್ದಿನ ತುಣುಕುಗಳನ್ನು ಜೋಡಿಸಿ ಅದು ಶಬ್ದ ಕಟ್ಟುತ್ತಿತ್ತು. ಇಂಗ್ಲಿಷಿನಲ್ಲಿ ಇದು ತಲೆಬೇನೆಯ ಕೆಲಸ, ಅಲ್ಲಿ ಬರೆಯುವುದೊಂದು, ಓದುವುದೊಂದು. ಕನ್ನಡದಲ್ಲಿ ಹೆಚ್ಚುಕಡಿಮೆ ಬರೆದಂತೆಯೇ ಓದು. ಕಾಗುಣಿತ, ಒತ್ತಕ್ಷರ ಸರಿಯಾಗಿ ಒಡೆದು ತಿಳಿದರೆ ಅರ್ಧ ದಾರಿ ಮುಗಿಯಿತು. ಒಂದನೇ ಇಯತ್ತೆಯ ಹುಡುಗ ಕಲಿಯುವುದೂ ಅದನ್ನೇ ಅಲ್ಲವೇ?

ಛತ್ತೀಸಗಡದಲ್ಲಿ ಮಕ್ಕಳ ಕಲಿಕೆಗೆ, ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೆ ಇದನ್ನು ಬಳಸಿ ನೋಡಿದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರಖಾನೆ ಸೇರಿಕೊಂಡು 'ಅಮಿಡಾ' ಹೆಸರಿನಲ್ಲಿ ಪೇಟೆಗೆ ಬಂತು. ಎಲ್ಲಕ್ಕೂ ಅಗ್ಗದ್ದಕ್ಕೆ 9,950 ರೂಪಾಯಿ, ಅದೂ ಬಣ್ಣವಿಲ್ಲದ ಪರದೆ. ಅಷ್ಟು ರೊಕ್ಕ ಕೈಗೆ ಬಂದರೆ ಆಗ ನಮ್ಮ ಕಡೆ ಮನುಷ್ಯ ಮೊದಲು ಎಮ್ಮಿ ನೋಡತಿದ್ದ. ಹತ್ತಾರು ಸಾವಿರ ಮಾರುವ ಆಸೆಯಿತ್ತು. ಹೋದದ್ದು ಸುಮಾರು 4,000. ಬಹಳ ತಯಾರಾದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿಯದೆ ಬಹಳ ಮಾರುವುದಿಲ್ಲ. ಈ ಗಾಣದಲ್ಲಿ ಸಿಂಪ್ಯೂಟರ್ ಸುತ್ತುತ್ತಿರುವಾಗಲೇ ಅಗ್ಗದ ಮೊಬೈಲು ಬಂದು ಊರೂರು ತುಂಬಿತು.

ಮುಂದೆ ಬಂದವರ ಹಣೆಬರಹವೂ ಬಹಳ ಬೇರೆ ಇರಲಿಲ್ಲ. ಅಮೆರಿಕದ ನಿಕೋಲಸ್ ನೆಗ್ರೊಪಾಂಟೆ ಮಗುವಿಗೊಂದು ಲ್ಯಾಪ್‌ಟಾಪ್, ಬೆಲೆ 100 ಡಾಲರ್ ಎಂದರು. ಯಂತ್ರ ತಯಾರಾದಾಗ ಬೆಲೆ ಹತ್ತಿರ ಹತ್ತಿರ ಎರಡರಷ್ಟಾಯಿತು. 2006ರಲ್ಲಿ ದಿಲ್ಲಿಯ ಶಿಕ್ಷಣ ಖಾತೆ ಅದನ್ನು ಬೇಡವೆಂದಿತು. ಆದರೂ 2007ರಲ್ಲಿ ನಮ್ಮದೇ ಮಹಾರಾಷ್ಟ್ರದ ಖೈರಾಟ ಎಂಬ ಹಳ್ಳಿಯ ಏಕಶಿಕ್ಷಕ ಸಾಲಿಗೆ, ಇಪ್ಪತ್ತರ ಆಸುಪಾಸು ಮಕ್ಕಳಿಗೆ, ಆ ಹಸಿರು ಪೆಟ್ಟಿಗೆ ಬಂದವು. 2011ರಲ್ಲಿ ಬಂದ 'ಆಕಾಶ' ಟ್ಯಾಬ್ಲೆಟ್ ಕಾಲೇಜಿನವರಿಗಾಗಿ. ನಮ್ಮ ಸಣ್ಣ ಹುಡುಗರ ಮಾತು ಅಲ್ಲಿಲ್ಲ.

ನಮ್ಮ ಊರಿನ ಕಡೆ ಬರೋಣ. 1917ರವರೆಗೆ ಡಫಳಾಪುರ ತನ್ನದೇ ಪುಟ್ಟ ಸಂಸ್ಥಾನ, ಆಮೇಲೆ ಜತ್ತದೊಳಗೆ ಸೇರಿತು, 1948ರಲ್ಲಿ ಮುಂಬಯಿ ಪ್ರಾಂತ, 1960ರಿಂದ ಮಹಾರಾಷ್ಟ್ರ. ಕಚೇರಿ ಬದಲಾದವು, ಎಷ್ಟೋ ಮನಿಗಳ ಒಲಿ ಮುಂದಿನ ಮಾತು ಕನ್ನಡವೇ ಉಳಿಯಿತು. ಪುಣೆಯ ಬಾಲಭಾರತಿ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಅದರಲ್ಲಿ ಕನ್ನಡವೂ ಒಂದು. ಕಾಗದದ ಪುಸ್ತಕ ನಮ್ಮ ಭಾಷೆಯಲ್ಲಿ ಬರುತ್ತದೆ. ಯಂತ್ರದೊಳಗಿನ ಪುಸ್ತಕದ್ದೇ ತಕರಾರು.

2020ರಲ್ಲಿ ಕರೋನಾದಿಂದ ಸಾಲಿ ಬಂದಾದಾಗ ಇದು ಕಣ್ಣಿಗೆ ಬಿತ್ತು. ಒಂದು ಮನಿಯಲ್ಲಿ ಮೂರು ಹುಡುಗರಿಗೆ ಒಂದೇ ಮೊಬೈಲ್. ಅಪ್ಪ ಹೊಲಕ್ಕೆ ಒಯ್ದರೆ ಅದೂ ಇಲ್ಲ. ಕನ್ನಡ ಸಾಲಿಯ ಹುಡುಗಿಗೆ ಯಾರೋ ಕಳಿಸಿದ ಪಾಠ ಮರಾಠಿಯಲ್ಲಿ ಬಂದಿತ್ತು. ಆಕಿ ಚಿತ್ರ ನೋಡಿ ಸುಮ್ಮನಾದಳು. ಬಾಯಿ ಇದ್ದ ಯಂತ್ರ ಕೈಯಲ್ಲೇ ಇತ್ತು, ಅದಕ್ಕೆ ಆಕಿಯ ಮಾತು ಗೊತ್ತಿರಲಿಲ್ಲ. ಸಿಂಪ್ಯೂಟರಿನವರು ಮೊದಲು ಭಾಷೆ, ಆಮೇಲೆ ಯಂತ್ರ ಅಂತ ಹೊರಟಿದ್ದರಲ್ಲ, ಅದು ಆವತ್ತು ನನಗೆ ಅರ್ಥವಾಯಿತು.

ಈಗ ಕೊರತೆ ಮೊದಲಿನಷ್ಟಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ರೊಕ್ಕವಿಲ್ಲದೆ ಸಿಗುತ್ತವೆ. 2019ರಲ್ಲಿ ಗೂಗಲ್ 'ಬೋಲೋ' ಎಂಬ ಆ್ಯಪ್ ತಂದಿತು, ಮೊದಲು ಹಿಂದಿ ಮತ್ತು ಇಂಗ್ಲಿಷಿಗೆ. ಅದು ಮಗುವಿನ ಓದನ್ನು ಕೇಳಿ, ತಪ್ಪಿದಲ್ಲಿ ತಿದ್ದುತ್ತದೆ. ಸಿಂಪ್ಯೂಟರಿಗೆ ಬಾಯಿ ಇತ್ತು, ಇದಕ್ಕೆ ಕಿವಿ ಬಂತು. ಈ ಎರಡರಲ್ಲಿ ದೊಡ್ಡ ಅಂತರ ಇದೆ. ಅಕ್ಷರ ಬಾರದ ಅಜ್ಜನಿಗೆ ಕಾಗದ ಓದಿ ಹೇಳಿದರೆ ಉಪಕಾರ. ಹುಡುಗನಿಗೆ ಬರೇ ಓದಿ ಹೇಳುತ್ತ ಹೋದರೆ ಅವ ಕೇಳುವುದನ್ನೇ ಕಲಿಯುತ್ತಾನೆ.

ಮೊನ್ನೆ ವಾಚನಾಲಯದಲ್ಲಿ ಎರಡನೇ ಇಯತ್ತೆಯ ಹುಡುಗಿಯೊಬ್ಬಳು ನನ್ನ ಮೊಬೈಲಿನಲ್ಲಿ ಒಂದು ಕಥೆ ತೆರೆದಳು. ಓದಿ ಹೇಳುವ ಗುಂಡಿ ನಾನು ಒತ್ತಲು ಹೋದೆ. "ತಡೀರಿ ಮಾಮಾ, ಮೊದಲ ನಾ ಓದತೀನಿ" ಅಂದಳು. 'ಹುಣಸೆಹಣ್ಣು' ಎಂಬಲ್ಲಿ ಣಕ್ಕೆ ಒತ್ತು ನೋಡಿ ನಿಂತಳು, ಬೆರಳಿಟ್ಟು ಎರಡು ಸಲ ತಡವರಿಸಿ ದಾಟಿದಳು. ಆಮೇಲೆ ಗುಂಡಿ ತಾನೇ ಒತ್ತಿ, ಯಂತ್ರ ಸರಿಯಾಗಿ ಓದುತ್ತದೋ ಇಲ್ಲವೋ ಅಂತ ಕಿವಿಗೊಟ್ಟು ಕುಂತಳು.