ಬಿಳಿ ಪಂಚೆಯ ಮೇಲೆ ಯೇಸು: ಕೇರಿ ಕಂಡದ್ದೇನು?

ಮತಾಂತರದ ಚರಿತ್ರೆ ಬರೆಯುವವರಿಗೆ ಒಂದೇ ಲೆಕ್ಕ ಗೊತ್ತು. ಎಷ್ಟು ಜನ ದೀಕ್ಷಾಸ್ನಾನ ಪಡೆದರು ಅಂತ ಮಿಷನ್ನಿನವರು ಎಣಿಸಿದರು. ಅವರನ್ನು ವಿರೋಧಿಸುವವರೂ ಅದನ್ನೇ ಎಣಿಸಿದರು. ಯೇಸುವಿನ ಸಿನಿಮಾ ನೋಡಲು ಮಣ್ಣಲ್ಲಿ ಕೂತ ನಮ್ಮ ಜನ ಅಲ್ಲಿ ಏನು ಕಂಡರು, ಯಾಕೆ ಅತ್ತರು ಅಂತ ಇಬ್ಬರೂ ಕೇಳಲಿಲ್ಲ. ಕೇರಿಯವರಿಗೆ ಎಣಿಸಲು ತಲೆಯುಂಟು, ನೋಡಲು ಕಣ್ಣಿಲ್ಲ ಅಂತ ತಿಳಿದವರ ಲೆಕ್ಕ ಇದು.

ಹಾಗೆ ನೋಡಿದರೆ ಈ ದೇಶದ ಸಿನಿಮಾ ಚರಿತ್ರೆಯೇ ಯೇಸುವಿನ ಚಿತ್ರ ನೋಡಿದ ಒಬ್ಬ ಪ್ರೇಕ್ಷಕನಿಂದ ಶುರುವಾಗುತ್ತದೆ. 1910ರ ಸುಮಾರಿಗೆ ಮುಂಬಯಿಯಲ್ಲಿ ದಾದಾಸಾಹೇಬ್ ಫಾಲ್ಕೆ 'ಲೈಫ್ ಆಫ್ ಕ್ರೈಸ್ಟ್' ಎಂಬ ಮೂಕಿಚಿತ್ರ ನೋಡಿದರು. ಯೇಸು ಕಣ್ಣ ಮುಂದೆ ಓಡಾಡುತ್ತಿದ್ದರೆ ಅವರ ಮನಸ್ಸಲ್ಲಿ ರಾಮ, ಕೃಷ್ಣರು ಓಡಾಡುತ್ತಿದ್ದರಂತೆ. 1913ರಲ್ಲಿ 'ರಾಜಾ ಹರಿಶ್ಚಂದ್ರ' ಬಂತು. ಫಾಲ್ಕೆ ಬ್ರಾಹ್ಮಣರ ಮನೆಯ ಮಗ. ದೇವರು ಆಗಲೇ ಮನೆಯೊಳಗಿದ್ದ, ತೆರೆಗೆ ತರುವುದಷ್ಟೇ ಬಾಕಿ. ಆದರೆ ಹರಿಶ್ಚಂದ್ರನ ಕಥೆಯಲ್ಲಿ ನಾವೆಲ್ಲಿದ್ದೇವೆ? ರಾಜ ಹೊಲೆಯನ ಆಳಾಗಿ ಸುಡುಗಾಡು ಕಾಯುತ್ತಾನೆ. ನಮ್ಮವರ ದಿನನಿತ್ಯದ ಕಸುಬು ಅಲ್ಲಿ ರಾಜನಿಗೆ ಬಂದ ಶಿಕ್ಷೆ! ಗುಡಿಯ ಹೊಸಿಲು ತುಳಿಯಲಾಗದವರು ಯೇಸುವಿನ ಚಿತ್ರ ನೋಡಿದರೆ ಅವರಿಗೆ ಯಾರು ನೆನಪಾಗಬೇಕು? ನಮ್ಮ ಪ್ರಶ್ನೆ ಇದು.

ತುಮಕೂರು ಸೀಮೆಗೆ ಈ ಕಥೆ ಸಿನಿಮಾಕ್ಕಿಂತ ಬಹಳ ಮುಂಚೆ ಬಂದಿತ್ತು. 1839ರಲ್ಲೇ ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್ ಗುಬ್ಬಿಯಲ್ಲಿದ್ದರು. ಮೈಸೂರು ಸೀಮೆಯ ಕೆಲಸದ ಬಗ್ಗೆ 1847ರಲ್ಲಿ ಪುಸ್ತಕವನ್ನೂ ಹೊರತಂದರು. ಅದೇ ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಒಂದೇ ಊರಲ್ಲಿ ಒಂದು ಕಡೆ ಪ್ರಾರ್ಥನೆ, ಇನ್ನೊಂದು ಕಡೆ ಪೌರಾಣಿಕ ನಾಟಕ. ಸಿನಿಮಾ ಇವೆರಡನ್ನೂ ಒಂದೇ ತೆರೆಗೆ ತಂದಿತು. 1978ರಲ್ಲಿ ತೆಲುಗಿನ 'ಕರುಣಾಮಯುಡು' ಬಂತು, 1979ರಲ್ಲಿ ಲೂಕನ ಸುವಾರ್ತೆ ಆಧರಿಸಿದ 'ಜೀಸಸ್' ಬಂತು. ಎರಡೂ ಹಲವು ಭಾಷೆಗಳಿಗೆ ಡಬ್ ಆದವು. ಟಾಕೀಸು ಕಾಣದ ಹಳ್ಳಿಗಳಿಗೂ ಹದಿನಾರು ಎಂಎಂ ಪ್ರೊಜೆಕ್ಟರು, ಜನರೇಟರು ಹೊತ್ತ ಜೀಪುಗಳು ಹೋದವು.

ಗುಬ್ಬಿ, ಕುಣಿಗಲ್ ಕಡೆಯ ಕೇರಿಗಳಲ್ಲಿ ಇಂಥ ಆಟ ನೋಡಿದ ನೆನಪು ನಮಗಿದೆ. ಎರಡು ಗಳ ನೆಟ್ಟು ನಡುವೆ ಬಿಳಿ ಪಂಚೆ ಕಟ್ಟುತ್ತಿದ್ದರು. ಮುಂದೆ ನಮ್ಮವರು. ಕತ್ತಲಾದ ಮೇಲೆ ಊರವರೂ ಬರುತ್ತಿದ್ದರು. ಆದರೆ ಕೇರಿಯವರ ಜೊತೆ ಕೂರುವುದುಂಟೆ? ಪಂಚೆಯ ಹಿಂದೆ, ಬೇಲಿ ಪಕ್ಕ ನಿಲ್ಲುತ್ತಿದ್ದರು. ಅಲ್ಲಿಂದಲೂ ಬೊಂಬೆ ಕಾಣುತ್ತಿತ್ತು, ಎಡ ಬಲವಾಗಿ, ಬಲ ಎಡವಾಗಿ. ಅಕ್ಷರವೆಲ್ಲ ತಿರುಗುಮುರುಗು. ಮೈಲಿಗೆಯಾಗುವ ಬದಲು ತಿರುಗುಮುರುಗಾದ ಯೇಸುವೇ ವಾಸಿ ಅಂದುಕೊಂಡರೋ ಏನೋ!

ಕುರುಡನಿಗೆ ಕಣ್ಣು ಬಂದಾಗ ಹುಡುಗರು ಶಿಳ್ಳೆ ಹೊಡೆದರು. ಕೆಲವರು ಕೈ ಮುಗಿದರು. ಗುರುವಾದವನು ಬಗ್ಗಿ ಶಿಷ್ಯರ ಕಾಲು ತೊಳೆಯುವಾಗ ಯಾರೂ ಮಾತಾಡಲಿಲ್ಲ. ಇನ್ನೊಬ್ಬರ ಕಾಲಿಗೆ ನೀರು ಕೊಟ್ಟೂ ಕೊಟ್ಟೂ ಸವೆದ ಕೈಗಳು ಅಲ್ಲಿದ್ದವು. ಚಾಟಿಯೇಟು ಬಿದ್ದಾಗ ಅಜ್ಜಿಯೊಬ್ಬರು ಎದ್ದು ನಿಂತು ಕೂಗಿಕೊಂಡರು: "ಅಯ್ಯೋ, ಜೀತದ ಹುಡುಗ್ರನ್ನ ಕಂಬಕ್ಕೆ ಕಟ್ಟಿ ಹೊಡೆದಂಗೆ ಹೊಡೀತಾವ್ರಲ್ಲಪ್ಪಾ! ಇವನೇನು ರಾಗಿ ಕದ್ದಿದ್ನಾ?" ಜೀತ ನಿಷೇಧದ ಕಾಯ್ದೆ 1976ರಲ್ಲೇ ಬಂದಿತ್ತು. ಅಜ್ಜಿಯ ಕಣ್ಣಿಂದ ಕಂಬ ಮಾತ್ರ ಹೋಗಿರಲಿಲ್ಲ.

ಓದಿದವರು ನಕ್ಕರು. ನಗಬಾರದಿತ್ತು. ಅಜ್ಜಿ ಹೇಳಿದ್ದು ಚರಿತ್ರೆ. ರೋಮನ್ನರ ಕಾಲದಲ್ಲಿ ಶಿಲುಬೆ ಮುಖ್ಯವಾಗಿ ಗುಲಾಮರಿಗೆ, ಬಂಡಾಯವೆದ್ದವರಿಗೆ ಇಟ್ಟ ಶಿಕ್ಷೆ. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸ್‌ನ ಜೊತೆ ದಂಗೆಯೆದ್ದ ಆರು ಸಾವಿರ ಗುಲಾಮರನ್ನು ರೋಮಿನ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿದ್ದರು. ಫಾಲ್ಕೆ ಯೇಸುವಿನಲ್ಲಿ ರಾಮನನ್ನು ಕಂಡರು, ಅಜ್ಜಿ ಜೀತದಾಳನ್ನು ಕಂಡರು. ಚರಿತ್ರೆಗೆ ಹತ್ತಿರ ಇರುವವರು ಯಾರು, ನೀವೇ ಹೇಳಿ.

ಆದರೆ ಈ ಸಿನಿಮಾಗಳು ಅಜ್ಜಿಗೆ ಪೂರ್ತಿ ಕಥೆ ಹೇಳಲಿಲ್ಲ. ಯೇಸುವಿನ ನಂತರದ ಕಥೆ ಹೇಳುವ 'ಕ್ವೋ ವಾಡಿಸ್' (1951) ಥರದ ದೊಡ್ಡ ಚಿತ್ರಗಳಲ್ಲಿ ನೀರೋ ಉಂಟು, ಸಿಂಹ ಉಂಟು. ಊಟದ ಜಗಳ ಎಲ್ಲಿದೆ? ಅಂತಿಯೋಕ್ಯದಲ್ಲಿ ಸುನ್ನತಿಯಿಲ್ಲದವರ ಜೊತೆ ಉಣ್ಣುತ್ತಿದ್ದ ಪೇತ್ರ ಕೆಲವರು ಬಂದೊಡನೆ ಹಿಂದೆ ಸರಿದ, ಪೌಲ ಮುಖಕ್ಕೇ ಬೈದ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಬಡವರು ಹಸಿದು ಕೂರುತ್ತಿದ್ದರು. ಇದು ಪಂಕ್ತಿಭೇದವಲ್ಲದೆ ಮತ್ತೇನು? ಹಾಗೆ ಬೈದ ಪೌಲನೇ ಒನೇಸಿಮನೆಂಬ ಆಳನ್ನು ಪತ್ರ ಕೊಟ್ಟು ಒಡೆಯನ ಬಳಿಗೇ ವಾಪಸು ಕಳಿಸಿದ. ತಮ್ಮನಂತೆ ನೋಡಿಕೋ ಅಂದದ್ದೇನೋ ನಿಜ. ವಾಪಸು ಕಳಿಸಿದ್ದೂ ನಿಜ. ಇದನ್ನು ತೆರೆಯ ಮೇಲೆ ತೋರಿಸಿದ್ದರೆ ನಮ್ಮ ಕೇರಿ ಸುಮ್ಮನೆ ಕೂರುತ್ತಿರಲಿಲ್ಲ.

ಯಾಕಂದರೆ ಆ ಜಗಳ ಇನ್ನೂ ಮುಗಿದಿಲ್ಲ. ತಿರುಚಿರಾಪಳ್ಳಿಯಲ್ಲಿ ಕ್ರೈಸ್ತರ ಸ್ಮಶಾನದ ನಡುವೆಯೇ ಜಾತಿಯ ಗೋಡೆ ಎದ್ದಿತ್ತು. ಇತ್ತ ಸರ್ಕಾರದ್ದು ಇನ್ನೊಂದು ಗೋಡೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಆ ಸ್ಥಾನ ಕಳೆದುಕೊಳ್ಳುತ್ತಾನೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತರಿಗೆ, ಮುಸ್ಲಿಮರಿಗೆ ತೆರೆಯಲಿಲ್ಲ. ಧರ್ಮ ಬಿಟ್ಟರೆ ಜಾತಿ ಬಿಟ್ಟಿತು ಅಂತ ಕಾಗದ ಹೇಳುತ್ತದೆ. ಊರ ಹೋಟೆಲಿನ ಬೇರೆ ಲೋಟ ಹಾಗೆ ಹೇಳುತ್ತದಾ?

2022ರಲ್ಲಿ ಕರ್ನಾಟಕದಲ್ಲಿ ಮತಾಂತರದ ವಿರುದ್ಧ ಕಾಯ್ದೆ ತಂದಾಗಲೂ ಆಮಿಷದ ಮಾತೇ ದೊಡ್ಡದಾಗಿ ಕೇಳಿತು. ಆಮಿಷಕ್ಕೆ ಬಿದ್ದವರು, ಮರುಳಾದವರು ಅಂತ ನಮ್ಮವರನ್ನು ಕರೆಯುವವರಿಗೆ ಅಜ್ಜಿಯ ಕೂಗೇ ಉತ್ತರ. ಅವರು ಧರ್ಮ ಬದಲಿಸಲಿಲ್ಲ, ಮಾರನೆಯ ದಿನ ಎಂದಿನಂತೆ ಮಾರಮ್ಮನಿಗೇ ಕೈ ಮುಗಿದರು. ಆದರೆ ಏಟು ತಿಂದವನ ಪರವಾಗಿ ಎದ್ದು ನಿಂತರು. ಆ ಎದ್ದು ನಿಂತದ್ದು ಯಾವ ದಾಖಲೆಯಲ್ಲೂ ಇಲ್ಲ.

ಮೇಷ್ಟ್ರೇ, ಹುಡುಗರೇ, ನಿಮ್ಮೂರ ಕೇರಿಯಲ್ಲಿ ಆ ಪಂಚೆಯ ಮುಂದೆ ಕೂತಿದ್ದವರು ಇನ್ನೂ ಇದ್ದಾರೆ. ಹೋಗಿ ಕೇಳಿ. ಯಾವ ದೇವರನ್ನು ನಂಬಿದಿರಿ ಅಂತ ಕೇಳಬೇಡಿ. ಏನು ಕಂಡಿರಿ, ಯಾರು ನೆನಪಾದರು ಅಂತ ಕೇಳಿ. ಹೇಳಿದ್ದನ್ನು ಅವರ ಮಾತಲ್ಲೇ ಬರೆದಿಡಿ. ಪಂಚೆಯ ಹಿಂದೆ ನಿಂತವರು ಬರೆದ ಚರಿತ್ರೆ ಇಷ್ಟು ದಿನ ಓದಿದ್ದಾಯಿತು. ಇನ್ನು ಮುಂದೆ ಕೂತವರದ್ದನ್ನು ಓದೋಣ.